ಸುನಿತಾ ಆರಿಸಿದ ಲೇಸರ್ ಲೆವೆಲ್

ಮಳವಳ್ಳಿಯ ಪಟ್ಟಲಮ್ಮನವರ ಫೋನು ಬಂದಾಗ ಸುನಿತಾ ಮದ್ದೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಏಣಿ ಮೇಲೆ ನಿಂತು ಸೀಲಿಂಗಿನ ಜಿಪ್ಸಂ ಶೀಟಿಗೆ ಸ್ಕ್ರೂ ಬಿಗಿಯುತ್ತಿದ್ದಳು. ಹೊಸ ಮನೆಯ ಹಾಲಿಗೆ ಸೀಲಿಂಗ್ ಆಗಬೇಕು, ನೀನೇ ವಹಿಸಿಕೊಂಡು ಮಾಡಬೇಕು ಅಂದರು ಆಕೆ. ತಮ್ಮ ತಂಗಿಯ ಮನೆಯಲ್ಲಿ ಸುನಿತಾಳ ಕೆಲಸ ನೋಡಿದ್ದರಂತೆ. ಇಲ್ಲಿಯವರೆಗೆ ಯಾವ ಕೆಲಸವಿದ್ದರೂ ಫೋನು ಬರುತ್ತಿದ್ದದ್ದು ಅಣ್ಣ ಅಶೋಕನಿಗೆ. ಕೆಳಗಿಳಿದು ಅವನಿಗೆ ಸುದ್ದಿ ಹೇಳುವಾಗ ಅವಳ ಕೈಯಲ್ಲಿ ಡ್ರಿಲ್ ಮಷಿನ್ ಇನ್ನೂ ಹಾಗೇ ಇತ್ತು.

ಹನಕೆರೆಯ ಸುನಿತಾ ಮೊದಲು ಗೆಜ್ಜಲಗೆರೆಯ ಕಡೆ ಒಂದು ಫ್ಯಾಕ್ಟರಿಯಲ್ಲಿ ಹೊಲಿಗೆಗೆ ಹೋಗುತ್ತಿದ್ದಳು. ಆ ಕೆಲಸ ನಿಂತ ಮೇಲೆ ಅಣ್ಣನ ಜೊತೆಗೆ ಬಂದಳು. ಶುರುವಿನಲ್ಲಿ, ನೀರು ತುಂಬಿದ ಉದ್ದನೆಯ ಪೈಪಿನ ಒಂದು ತುದಿ ಹಿಡಿದು ನಿಲ್ಲುವುದಷ್ಟೇ ಅವಳ ಪಾಲಿಗಿದ್ದದ್ದು. ಆ ಗೋಡೆಯ ಹತ್ತಿರ ಅಣ್ಣ, ಈ ಗೋಡೆಯ ಹತ್ತಿರ ಇವಳು. ಎರಡು ತುದಿಯಲ್ಲೂ ನೀರು ನಿಂತ ಕಡೆ ಗುರುತು ಹಾಕಿದರೆ ಅದೇ ಸೀಲಿಂಗಿನ ಮಟ್ಟ. ಪೈಪಿನೊಳಗೆ ಒಂದು ಗುಳ್ಳೆ ಸೇರಿಕೊಂಡರೂ ಎಲ್ಲ ಮತ್ತೆ ಮೊದಲಿಂದ. ಕ್ರಮೇಣ ಫ್ರೇಮು ಕಟ್ಟುವುದು, ಶೀಟು ಕೂರಿಸುವುದು ಎಲ್ಲ ಕಲಿತಳು. ಆದರೆ ಆ ಪೈಪಿನ ಮೇಲಿನ ಸಿಟ್ಟು ಮಾತ್ರ ಹೋಗಲಿಲ್ಲ.

"ಪಟ್ಟಲಮ್ಮೋರ ಮನೆ ಆಲು ದೊಡ್ಡದು ಕಣಣ್ಣ. ಈ ಸಲ ಲೇಸರ್ ಲೆವೆಲ್ ತಗಂಡೇ ಓಗೋದು" ಅಂದಳು.

ಮಾರನೆಯ ದಿನ ಇಬ್ಬರೂ ಬೈಕಿನಲ್ಲಿ ಮಂಡ್ಯಕ್ಕೆ ಹೋದರು. ಹಾರ್ಡ್‌ವೇರ್ ಅಂಗಡಿಯ ಶಿವರಾಮು ಮೂರು ಪೆಟ್ಟಿಗೆ ತೆಗೆದು ಮುಂದಿಟ್ಟ. ಅಶೋಕನ ಕಣ್ಣು ಎಲ್ಲಕ್ಕಿಂತ ದೊಡ್ಡದರ ಮೇಲೆ ಬಿತ್ತು. ಅದು ಗೋಡೆಯ ಮೇಲೆ ಬೆಳಕಿನ ಹದಿನಾರು ಗೆರೆ ಹಾಕುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು.

"ಇದ್ನೇ ತಗಳ್ಳೇ. ನೋಡ್ದೋರು ಬಾಯ್ ಬುಡ್ಬೇಕು."

"ಸುಮ್ಕಿರಣ್ಣ. ನಂಗೆ ಗ್ವಾಡೆ ಸುತ್ತ ಒಂದು ನೆಟ್ಟಗಿರೋ ಗೆರೆ ಸಾಕು" ಅಂದ ಸುನಿತಾ, ಶಿವರಾಮುವಿನ ಕಡೆ ತಿರುಗಿದಳು. "ಗೋಡನ್ನಲ್ಲಿ ಒಂದ್ಸಲ ಹಚ್ಚಿ ನೋಡ್ಬೋದಾ?"

ಅಂಗಡಿಯ ಹಿಂದಿನ ಗೋಡನ್ನು ಉದ್ದಕ್ಕಿತ್ತು, ಅರೆಗತ್ತಲೆ ಬೇರೆ. ಮೊದಲು ಕೆಂಪು ಗೆರೆಯದ್ದನ್ನು ಹಚ್ಚಿದರು. ಬಾಗಿಲು ತೆರೆದರೆ ಸಾಕು, ದೂರದ ಗೋಡೆಯ ಮೇಲೆ ಗೆರೆ ಹುಡುಕಬೇಕಾಯಿತು. ಉಳಿದೆರಡರ ಹಸಿರು ಗೆರೆ ಬೆಳಕಿನಲ್ಲೂ ಎದ್ದು ಕಾಣುತ್ತಿತ್ತು.

"ಅಸ್ರು ಬ್ಯಾಟ್ರಿ ಜಾಸ್ತಿ ತಿಂತದೆ. ಇನ್ನೊಂದು ಬ್ಯಾಟ್ರಿ ಮಡಿಕಬೇಕಾಯ್ತದೆ" ಎಂದು ಶಿವರಾಮು ಮುಚ್ಚುಮರೆಯಿಲ್ಲದೆ ಹೇಳಿದ.

ಸುನಿತಾ ದೊಡ್ಡ ಮಷಿನ್ನನ್ನು ಸ್ಟೂಲಿನ ಮೇಲಿಟ್ಟು, ದೂರದ ಗೋಡೆಯ ಮೇಲೆ ಗೆರೆ ಬಿದ್ದ ಕಡೆ ಪೆನ್ಸಿಲಿನಿಂದ ಗುರುತು ಹಾಕಿದಳು. ಮಷಿನ್ನನ್ನು ನಿಂತಲ್ಲೇ ಹಿಂದುಮುಂದಾಗಿ ತಿರುಗಿಸಿದಳು. ಮಷಿನ್ ಸರಿಯಿದ್ದರೆ ಗೆರೆ ಗುರುತಿನ ಮೇಲೇ ಬೀಳಬೇಕಿತ್ತು, ಅರ್ಧ ಬೆರಳು ಕೆಳಗೆ ಬಿತ್ತು. ಇನ್ನೊಮ್ಮೆ ನೋಡಿದಳು, ಹಾಗೇ. ಆಮೇಲೆ ಹನ್ನೆರಡು ಗೆರೆಯ ಚಿಕ್ಕದನ್ನು ಇಟ್ಟಳು. ಯಾವ ಕಡೆ ತಿರುಗಿಸಿದರೂ ಗೆರೆ ಪೆನ್ಸಿಲ್ ಗುರುತಿನ ಮೇಲೇ ಬಂದು ಕೂತಿತು. ಬೇಕೆಂದೇ ಸ್ಟೂಲನ್ನು ವಾಲಿಸಿದಾಗ ಅದು ಮಿಣಮಿಣ ಎಂದು ಮಿಟುಕಿ, ಮಟ್ಟ ತಪ್ಪಿದೆ ಎಂದು ತಾನೇ ಹೇಳಿತು. ಅವಳಿಗೆ ನಗು ತಡೆಯಲಾಗಲಿಲ್ಲ.

"ಇದೇ ಕೊಡಣ್ಣ. ಗ್ವಾಡೆಗೆ ತಗಲಾಕೋ ಕ್ಲಾಂಪೂ ಕೊಟ್ಬುಡು, ಸೀಲಿಂಗ್ ಅತ್ರಕ್ಕೆ ಏರಿಸ್ಬೇಕು."

ಶಿವರಾಮು ದೊಡ್ಡದನ್ನು ಕಂಪನಿಗೆ ವಾಪಸ್ ಕಳಿಸಲು ಪಕ್ಕಕ್ಕೆ ಎತ್ತಿಟ್ಟ. ಹೊಸ ಪೆಟ್ಟಿಗೆಯನ್ನು ಸುನಿತಾ ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡಳು.

ಮಳವಳ್ಳಿಯ ಹಾಲಿನಲ್ಲಿ ಅವಳು ಮಷಿನ್ನನ್ನು ಗೋಡೆಯ ಮೇಲ್ಭಾಗಕ್ಕೆ ತಗುಲಿಸಿ ಗುಂಡಿ ಒತ್ತಿದಳು. ನಾಲ್ಕೂ ಗೋಡೆ ಸುತ್ತಿ ಹಸಿರು ಗೆರೆ ಒಂದೇ ಉಸಿರಿಗೆ ಬಂದು ಸೇರಿತು. ಪೈಪಿಲ್ಲ, ನೀರಿಲ್ಲ, ಆ ತುದಿಯಿಂದ ಕೂಗುವವರಿಲ್ಲ. ಮೂಲೆಯಿಂದ ಮೂಲೆಗೆ ಓಡಾಡಿ ಗುರುತು ಹಾಕುತ್ತಿದ್ದವಳು ದೊಡ್ಡ ಕಿಟಕಿಯ ಹತ್ತಿರ ನಿಂತುಬಿಟ್ಟಳು. ಗೆರೆಗೂ ಕಿಟಕಿಯ ಚೌಕಟ್ಟಿಗೂ ನಡುವಿನ ಜಾಗ ಎಡಗಡೆ ಕಡಿಮೆ, ಬಲಗಡೆ ಜಾಸ್ತಿ.

"ಅಮ್ಮಾರೇ, ಬ್ಯಾಸರ ಮಾಡ್ಕಬ್ಯಾಡಿ. ನಿಮ್ ಕಿಟಕಿ ಒಂದ್ಕಡೆಗೆ ವಾರೆ ಐತೆ" ಅಂದಳು.

ಪಟ್ಟಲಮ್ಮ ಸರಸರನೆ ಬಂದು ಕನ್ನಡಕ ಏರಿಸಿ ನೋಡಿದರು. ಮುಖ ಅರಳಿತು.

"ಅಯ್ಯೋ ನಮ್ಮವ್ವ, ಕಿಟಕಿ ಕೂರಿಸ್ದಾಗ್ಲಿಂದ್ಲೂ ಬಡ್ಕತಾವ್ನಿ ಕಣೆ. ಮೇಸ್ತ್ರಿ ನಗಾಡ್ದ. ನನ್ ಮಗ ಕಣ್ ಡಾಕ್ಟ್ರ ತಾವ್ಕೆ ಕರ್ಕಂಡೋಗಿ ಈ ಕನ್ನಡಕ ಆಕ್ಸ್ದ."

ಸುನಿತಾಳೂ ನಕ್ಕಳು. ಸೀಲಿಂಗ್ ಗೆರೆಯ ಮಟ್ಟದಲ್ಲೇ ಇರಲಿ, ಕಿಟಕಿಯ ಮೇಲೆ ಪರದೆ ಕೋಲು ಮರೆಯಾಗುವಂತೆ ಕರ್ಟನ್ ಬಾಕ್ಸ್ ಕಟ್ಟಿದರೆ ವಾರೆ ಕಾಣುವುದಿಲ್ಲ ಎಂದು ವಿವರಿಸಿದಳು. ಪಟ್ಟಲಮ್ಮ ಒಪ್ಪಿದರು. ಆದರೆ ಮೇಸ್ತ್ರಿಯೂ ಮಗನೂ ಬಂದು ನೋಡುವವರೆಗೆ ಬಾಕ್ಸ್ ಕಟ್ಟಿ ವಾರೆ ಮುಚ್ಚಕೂಡದು ಅಂದರು. ಸಂಜೆ ಇಬ್ಬರೂ ಬಂದು, ಗೆರೆಯ ಕೆಳಗೆ ತಲೆ ಕೆರೆದುಕೊಂಡು ನಿಂತರು. ಪಟ್ಟಲಮ್ಮ ಎಲ್ಲರಿಗೂ ತಾವೇ ಕಾಫಿ ತಂದುಕೊಟ್ಟರು.

ಸೀಲಿಂಗ್ ಮುಗಿದ ಮೇಲೆ ಆ ಬೀದಿಯಲ್ಲೇ ಇನ್ನೊಂದು ಮನೆಯ ಕೆಲಸ ಸುನಿತಾಳಿಗೆ ಸಿಕ್ಕಿತು. ಮದ್ದೂರಿನಲ್ಲಿ ಹೊಸ ಕೆಲಸ ಹಿಡಿದಿದ್ದ ಅಶೋಕ ಒಂದು ದಿನದ ಮಟ್ಟಿಗೆ ಮಷಿನ್ ಕೇಳಿದ.

"ಕೊಡಾಕಿಲ್ಲ. ನಾನೇ ತಗಂಡ್ ಬತ್ತೀನಿ, ಗುರುತು ಆಕ್ಕೊಟ್ಟು ಓಯ್ತೀನಿ" ಅಂದಳು ಸುನಿತಾ.