ಕಚ್ಚಿದ ಕೊಬ್ಬರಿ ಬಟ್ಟಲು

ಸತ್ತವರು ಸುಳಿವು ಕೊಡುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ಅವರ ಕಾಲೆಳೆಯುತ್ತಿದ್ದೆ. ರಾತ್ರಿ ಊಟ ಹೆಚ್ಚಾಗಿರಬೇಕು ನೋಡಿ, ಎನ್ನುತ್ತಿದ್ದೆ. ಈಗ ಸುಮ್ಮನೆ ಕೇಳಿಸಿಕೊಳ್ಳುತ್ತೇನೆ. ನಂಬಿಕೆ ಬಂದಿದೆ ಎಂದಲ್ಲ, ನಗುವ ಧೈರ್ಯ ಹೋಗಿದೆ.

ನನ್ನ ತಮ್ಮ ಬಸು ಸೈನ್ಯದಲ್ಲಿದ್ದ, ಗಡಿಯಲ್ಲಿ ತೀರಿಕೊಂಡ. ಬಂಕಾಪುರದ ಹತ್ತಿರ ನಮ್ಮೂರ ಬಸ್‌ಸ್ಟ್ಯಾಂಡಿನ ಮುಂದೆ ಅವನ ಪುತ್ಥಳಿ ನಿಲ್ಲಿಸಿದ್ದಾರೆ. ಬಂದವರೆಲ್ಲ ಅಲ್ಲಿ ಏನಾದರೊಂದು ಇಟ್ಟು ಹೋಗುತ್ತಾರೆ. ಸೈನ್ಯಕ್ಕೆ ಆಯ್ಕೆಯಾದ ಹುಡುಗರು ಓಟದ ದಿನ ಎದೆಗೆ ಕಟ್ಟಿದ್ದ ನಂಬರು ತಂದು ಕಟ್ಟುತ್ತಾರೆ, ಹೊಸ ಮದುಮಕ್ಕಳು ಬಾಸಿಂಗ ಇಡುತ್ತಾರೆ. ಉಳಿದವರದು ಚೆಂಡುಹೂವಿನ ಮಾಲೆ. ಬದುಕಿದ್ದಾಗ ಚೆಂಡುಹೂವು ಕಂಡರೆ ಸೀನುತ್ತಿದ್ದ ಪುಣ್ಯಾತ್ಮ, ಈಗ ಕೊರಳ ತುಂಬ ಹಾಕಿಕೊಂಡು ನಿಂತಿದ್ದಾನೆ.

ನಮ್ಮ ಕಡೆ ನಾಗರಪಂಚಮಿಗೆ ಅಣ್ಣನೋ ತಮ್ಮನೋ ಬಂದು ಕರೆಯಬೇಕು, ಆಮೇಲೆಯೇ ಹೆಣ್ಣುಮಕ್ಕಳು ತವರಿಗೆ ಹೊರಡುವುದು. ಬಸು ರಜೆ ಹಾಕಿಯಾದರೂ ಹಿರೇಕೆರೂರಿಗೆ, ನನ್ನ ಗಂಡನ ಮನೆಗೆ ಬರುತ್ತಿದ್ದ. ಹಬ್ಬದ ಆಟಕ್ಕೆಂದು ಒಣಕೊಬ್ಬರಿ ಬಟ್ಟಲಿಗೆ ತೂತು ಮಾಡಿ, ದಾರ ಪೋಣಿಸಿ ತರುತ್ತಿದ್ದ. ನನ್ನ ಕೈಗೆ ಕೊಡುವ ಮೊದಲು ಅಂಚನ್ನು ಕಚ್ಚಿ ತಿನ್ನುವುದು ಅವನ ರೂಢಿ. ಅದು ತನಗೆ ಬರಬೇಕಾದ ಕಂದಾಯವಂತೆ. ಮುಂದಿನ ಹಲ್ಲೊಂದು ಅರ್ಧ ಮುರಿದಿದ್ದರಿಂದ ಕಚ್ಚಿದಲ್ಲಿ ನಡುವೆ ಸಣ್ಣದೊಂದು ಏಣು ಉಳಿಯುತ್ತಿತ್ತು.

ಅವನು ಹೋದ ಮೇಲಿನ ಮೊದಲ ಪಂಚಮಿ. ನಾನೇ ಕರೀತೀನಿ ಬಾ ಎಂದು ಅವ್ವ ಫೋನಿನಲ್ಲಿ ಅತ್ತಳು. ಕರೆಯುವವನೇ ಇಲ್ಲದ ಮನೆಗೆ ಕಾಲಿಡಲು ನನಗೆ ಆಗಲಿಲ್ಲ. ಹೋಗದೆ ಇರಲೂ ಆಗಲಿಲ್ಲ. ಪುತ್ಥಳಿಯ ಮುಂದೆ ಶೇಂಗಾ ಉಂಡಿ ಇಟ್ಟು, ಅವ್ವನ ಕಣ್ಣಿಗೆ ಬೀಳದೆ ಮುಂದಿನ ಬಸ್ಸಿಗೆ ತಿರುಗಿ ಬಂದರಾಯಿತು ಎಂದು ಹೊರಟೆ.

ಮಟಮಟ ಮಧ್ಯಾಹ್ನ. ಉಂಡಿ ಇಡಲು ಬಗ್ಗಿದೆ, ಮಾಲೆಗಳ ನಡುವೆ ಕೊಬ್ಬರಿ ಬಟ್ಟಲು ಕಂಡಿತು. ದಾರ ಪೋಣಿಸಿದ್ದು. ಅಂಚು ಕಚ್ಚಿದ್ದು. ಕಚ್ಚಿದಲ್ಲಿ ನಡುವೆ ಅದೇ ಏಣು. ಮುಟ್ಟಿದರೆ ಕಚ್ಚಿದ ಜಾಗ ಇನ್ನೂ ಒದ್ದೆಯಾಗಿತ್ತು.

ಎದುರಿಗೆ ಹೂ ಮಾರುವ ಫಕೀರವ್ವನನ್ನು ಕೇಳಿದೆ.

"ಮುಂಜಾನಿಂದ ಇಲ್ಲೇ ಕುಂತೇನಿ ನೋಡವಾ. ಇವತ್ತ ಇನ್ನೂ ಯಾರೂ ಬಂದಿಲ್ಲ," ಎಂದಳು.

ಆಡುವ ಮಕ್ಕಳು ಬಿಟ್ಟು ಹೋಗಿರಬೇಕು ಎಂದು ನೀವು ಅನ್ನಬಹುದು. ನಾನೂ ಅಂದುಕೊಂಡೆ. ಹಲ್ಲು ಮುರಿದವನು ಊರಿಗೆಲ್ಲ ಅವನೊಬ್ಬನೇ ಅಲ್ಲವಲ್ಲ. ಅವ್ವನೇ ಇಟ್ಟಿರಲಿಕ್ಕೂ ಸಾಕು ಅನ್ನಿಸಿತು. ಕೇಳಿಬಿಡೋಣ ಎಂದು, ಬಸ್ಸು ಬಿಟ್ಟು, ಬಟ್ಟಲು ಹಿಡಿದುಕೊಂಡು ಮನೆಗೇ ನಡೆದೆ.

ಅವ್ವ ಅಂದು ಹೊರಗೇ ಬಂದಿರಲಿಲ್ಲ. ಬಾಗಿಲಲ್ಲಿ ನನ್ನನ್ನು ಕಂಡು ಎದ್ದು ಬಂದಳು. ಬಟ್ಟಲು ಇಸಿದುಕೊಂಡು, ಕಚ್ಚಿದ ಅಂಚಿನ ಮೇಲೆ ಹೆಬ್ಬೆರಳಾಡಿಸುತ್ತ ನಿಂತಳು.

"ಕರಿಯಾಕ ಬಂದಿದ್ನೇನ?" ಎಂದು ಕೇಳಿದಳು.

ಹೂಂ ಅಂದೆ. ಅವ್ವನಿಗೆ ಆ ದಿನ ನಾನು ಸುಳ್ಳು ಹೇಳಿದೆನೋ ನಿಜ ಹೇಳಿದೆನೋ, ಇವತ್ತಿಗೂ ನನಗೆ ತಿಳಿದಿಲ್ಲ.