ಕಿಲವಾರ ಇಲ್ಲದ ಕೈ

ಜೇವರ್ಗಿಯ ಕ್ಲಬ್ಬಿನಲ್ಲಿ ಹೆಂಗಸರ ಜಾಗ ಪಡಸಾಲೆ. ಅಲ್ಲಿ ಚಹಾ, ಅವಲಕ್ಕಿ ಚೂಡಾ, ಮಕ್ಕಳ ಸುದ್ದಿ. ಒಳಗಿನ ಕೋಣೆಯಲ್ಲಿ ಗಂಡಸರ ಬ್ರಿಜ್, ಎದುರುಬದುರು ಕೂತು ಇಬ್ಬಿಬ್ಬರು ಜೋಡಿಯಾಗಿ ಆಡುವ ಎಲೆಯಾಟ. ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಅಲ್ಲಿಯ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದೆ, ಊರಿಗೆಲ್ಲ 'ಬಾಯಾರು'. ಮದುವೆಯಾಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಪಡಸಾಲೆಗೆ ಹೊಸದಾಗಿ ಬಂದವರು ಹೆಸರಿಗಿಂತ ಮೊದಲು "ಮಕ್ಕಳೆಷ್ಟ್ರಿ?" ಅಂತ ಕೇಳುತ್ತಿದ್ದರು. "ಇಲ್ರಿ" ಅಂದಕೂಡಲೇ ಅವರ ಮುಖ ಸಪ್ಪಗಾಗಿ, ನನ್ನ ತಟ್ಟೆಗೆ ಇನ್ನೊಂದು ಹಿಡಿ ಚೂಡಾ ಬೀಳುತ್ತಿತ್ತು. ಆ ಕನಿಕರದ ಚೂಡಾ ನಾನು ತಟ್ಟೆಯಲ್ಲೇ ಬಿಡುತ್ತಿದ್ದೆ.

ಒಂದು ಸಂಜೆ ತಟ್ಟೆ ಬಿಟ್ಟು ಎದ್ದು ಒಳಗೆ ಹೋದೆ. ಧಾರವಾಡದ ಹಾಸ್ಟೆಲ್ಲಿನಲ್ಲೇ ನನಗೆ ಬ್ರಿಜ್ ಹುಚ್ಚು ಹಿಡಿದಿತ್ತು. ಆಟಕ್ಕೆ ನಾಲ್ಕನೆಯವರಾದ ಇಂಜಿನಿಯರ್ ಇನ್ನೂ ಬಂದಿರಲಿಲ್ಲ. ಕ್ಲಬ್ಬಿನ ಸೆಕ್ರೆಟರಿಯಾಗಿದ್ದ ತೊಗರಿಬೇಳೆ ಮಿಲ್ಲಿನ ಸಾಹುಕಾರರು ಕುರ್ಚಿ ತೋರಿಸಿದರು.

"ಸಾಹೇಬ್ರು ಬರೋತನಕ ಕೂಡ್ರಿ ಬಾಯಾರ. ಬಂದ ಮ್ಯಾಲ ಎದ್ದ ಬಿಡ್ರಿ."

ಅದೇ ಅಲ್ಲಿಯ ರಿವಾಜಾಯಿತು. ಎಂಥ ಒಳ್ಳೆಯ ಎಲೆ ಕೈಯಲ್ಲಿರಲಿ, ಇಂಜಿನಿಯರರ ಸ್ಕೂಟರಿನ ಸದ್ದಾದರೆ ನಾನು ಏಳಬೇಕು. ಎದ್ದೆ ಕೂಡ, ಎಷ್ಟೋ ಸಂಜೆ, ಹಲ್ಲು ಕಚ್ಚಿಕೊಂಡು.

ಒಂದು ಭಾನುವಾರ ನನ್ನ ಜೊತೆಗಾರರು ಎದುರಿಗೆ ಕೂತ ವಕೀಲ ಸಾಹೇಬರು. ಹೈದರಾಬಾದಿನಲ್ಲಿ ಓದಿದ ಮುದುಕರು, ಮಾತು ಕಡಿಮೆ. ಎದುರಾಳಿಗಳು ಸಾಹುಕಾರರು ಮತ್ತು ಬ್ಯಾಂಕ್ ಮ್ಯಾನೇಜರ್. ವಕೀಲರು ಬದಾಮಿನಿಂದ, ಅಂದರೆ ಹಾರ್ಟ್ಸಿನಿಂದ, ಕೂಗು ಶುರುಮಾಡಿದರು: ಬೇರೆಲ್ಲ ಎಲೆ ಹೊಡೆಯುವ ಹುಕುಮು ಅದಾಗಲಿ ಎಂದು. ಮ್ಯಾನೇಜರ್ ಕಿಲವಾರ, ಅಂದರೆ ಕ್ಲಬ್ಸ್, ಕೂಗಿದರು. ನನ್ನ ಕೈಯಲ್ಲಿ ಬದಾಮು ಬೇಕಾದಷ್ಟು, ಇಸ್ಪೀಟಿನ ಎಕ್ಕಾ ಒಂದು, ಕಿಲವಾರ ಒಂದೂ ಇಲ್ಲ. ಬದಾಮನ್ನೇ ನಾಲ್ಕಕ್ಕೆ ಏರಿಸಿದೆ. ವಕೀಲರು "ನಾಲ್ಕು ನೋ ಟ್ರಂಪ್" ಅಂದರು. ಅದರರ್ಥ, ನಿನ್ನ ಹತ್ತಿರ ಎಕ್ಕಾ ಎಷ್ಟು?

ಒಂದೇ ಎಕ್ಕಾ ಇದ್ದರೆ "ಐದು ಚೌಕಟ್" ಅನ್ನುವುದು ಎಲ್ಲರೂ ಕಲಿತ ಪಾಠ. ಆದರೆ ಆ ಉತ್ತರದಲ್ಲಿ ನನ್ನ ಕೈಯ ಅರ್ಧ ಸತ್ಯವೇ ಸತ್ತುಹೋಗುತ್ತದೆ. ಕಿಲವಾರದ ಎಕ್ಕಾ ಎದುರಾಳಿಯ ಹತ್ತಿರ ಇದ್ದರೆ ಇರಲಿ. ನನ್ನಲ್ಲಿ ಕಿಲವಾರವೇ ಇಲ್ಲವಾದ್ದರಿಂದ ಬದಾಮಿನ ಹುಕುಮು ಹಾಕಿ ಅದನ್ನು ಹೊಡೆಯುತ್ತೇನೆ. ಇಲ್ಲದಿರುವುದೇ ನನ್ನ ಬಲ. ಅದನ್ನು ಯಾಕೆ ಮುಚ್ಚಿಡಲಿ?

"ಆರು ಕಿಲವಾರ," ಅಂದೆ. ಎಕ್ಕಾ ಒಂದಿದೆ, ಕಿಲವಾರ ಒಂದೂ ಇಲ್ಲ ಎಂದು ಹೇಳುವ ರೀತಿ ಅದು.

ನಮ್ಮ ಕೂಗು ಸೋಲುತ್ತದೆಂದು ಪಂಥ ಕಟ್ಟಿ ಸಾಹುಕಾರರು ಹೊಟ್ಟೆ ಕುಣಿಸಿ ನಕ್ಕರು. "ಡಬಲ್! ಎಕ್ಕಾ ಎಷ್ಟ ಅಂತ ಕೇಳ್ಯಾರ್ರಿ ಬಾಯಾರ, ಅಷ್ಟ ಹೇಳಬೇಕ್ರಿ!"

ಕೂಗಿನ ನಡುವೆ ಮಾತಾಡಬಾರದೆಂಬ ನಿಯಮ ಸಾಹುಕಾರರಿಗೆ ಲಾಗೂ ಇರಲಿಲ್ಲ. ವಕೀಲರು ಎಲೆಗಳ ಮೇಲಿಂದ ನನ್ನನ್ನು ನೋಡಿದರು. ನಾನು ಕಣ್ಣು ತಗ್ಗಿಸಲಿಲ್ಲ.

"ಏಳು ಬದಾಮು," ಅಂದರು ಅವರು. ಅಂದರೆ ಒಂದು ಸುತ್ತನ್ನೂ ಬಿಟ್ಟುಕೊಡದೆ ಎಲ್ಲವನ್ನೂ ಗೆಲ್ಲಬೇಕು.

ಮ್ಯಾನೇಜರ್ ಕಿಲವಾರದ ಎಕ್ಕಾ ಮೇಜಿಗೆ ಬಡಿದರು. ಆಟದ ನಿಯಮದಂತೆ ನಾನು ನನ್ನ ಎಲೆಗಳನ್ನೆಲ್ಲ ಮೇಜಿನ ಮೇಲೆ ಬಿಚ್ಚಿ ಹರಡಿದೆ; ಇನ್ನು ನಮ್ಮಿಬ್ಬರ ಎಲೆಯನ್ನೂ ಆಡುವವರು ವಕೀಲರೇ. ಕಿಲವಾರ ಎಲ್ಲೆಂದು ಸಾಹುಕಾರರು ಬಗ್ಗಿ ಹುಡುಕಿದರು. ವಕೀಲರು ನನ್ನ ಸಣ್ಣದೊಂದು ಬದಾಮಿನಿಂದ ಆ ಎಕ್ಕಾ ಹೊಡೆದರು. ಕೊನೆಯ ಸುತ್ತಿನವರೆಗೂ ಎದುರಾಳಿಗಳಿಗೆ ಏನೂ ದಕ್ಕಲಿಲ್ಲ.

"ಬಾಯಾರು ಇದ್ದದ್ದೂ ಹೇಳ್ಯಾರ, ಇಲ್ಲದ್ದೂ ಹೇಳ್ಯಾರ. ಇನ್ನೇನ ಬೇಕ್ರಿ ಸಾಹುಕಾರ್ರ?" ಅಂದರು ವಕೀಲರು.

ಆಗಲೇ ಸ್ಕೂಟರಿನ ಸದ್ದಾಯಿತು. ಇಂಜಿನಿಯರ್ ಬಾಗಿಲಲ್ಲಿ ನಿಂತರು. ಸಾಹುಕಾರರ ಮುಖಕ್ಕೆ ಕಳೆ ಬಂತು.

"ಸಾಹೇಬ್ರು ಬಂದ್ರು. ಏಳ್ರಿ ಬಾಯಾರ."

"ಏಳಂಗಿಲ್ರಿ," ಅಂದೆ. "ಅವರು ಕೂತಾಗ ನಾ ಬಂದ್ರ ಅವರು ಏಳ್ತಾರೇನ್ರಿ?"

ವಕೀಲರು ಎಲೆ ಕಲಸಿ ನನ್ನ ಮುಂದಿಟ್ಟರು. ನಾನು ಹಂಚಿದೆ. ಇಂಜಿನಿಯರ್ ಸ್ಟೂಲು ಎಳೆದುಕೊಂಡು ನೋಡುತ್ತಾ ಕೂತರು.

ನಡುವೆ ಚಹಾ ತರಲು ಪಡಸಾಲೆಗೆ ಹೋದೆ. ಹೊಸದಾಗಿ ವರ್ಗವಾಗಿ ಬಂದ ಅಧಿಕಾರಿಯೊಬ್ಬರ ಹೆಂಡತಿ ಜಾಗ ಬಿಟ್ಟುಕೊಟ್ಟು ಕೇಳಿದರು, "ಮಕ್ಕಳೆಷ್ಟ್ರಿ?"

"ಒಂದೂ ಇಲ್ರಿ," ಅಂದೆ, ಒಳಗೆ ಕೂಗಿದಷ್ಟೇ ಗಟ್ಟಿಯಾಗಿ. ಆಕೆಯ ಕೈ ಚೂಡಾದ ಡಬ್ಬಿಗೆ ಹೋಯಿತು.

"ಚೂಡಾ ಬ್ಯಾಡ್ರಿ. ಒಳಗ ನನ್ನ ಆಟ ನಡದದ."