ಐದು, ಮೂರು, ಮೂರು: ದೊಡ್ಡಕ್ಕ ಕಲಿಸಿದ ಹೆಸರು

ಶಸ್ತ್ರಚಿಕಿತ್ಸೆಯ ಕ್ಷೇತ್ರದಲ್ಲಿ ಕೀರ್ತಿ ಚಾಕು ಹಿಡಿದವರದು; ಆ ಚಾಕುವನ್ನು ಸಕಾಲದಲ್ಲಿ ಅವರ ಅಂಗೈಯಲ್ಲಿಟ್ಟವರ ಹೆಸರು ಗೋಡೆಯ ಮೇಲಿನ ಡ್ಯೂಟಿ ಪಟ್ಟಿಯನ್ನು ದಾಟುವುದೇ ಅಪರೂಪ. ಹಾಗೆ ದಾಟಿದವರು ನಮ್ಮ ಆಪರೇಷನ್ ಥಿಯೇಟರಿನ ಹಿರಿಯ ದಾದಿ, ಎಲ್ಲರ ದೊಡ್ಡಕ್ಕ. ಮೂವತ್ನಾಲ್ಕು ವರ್ಷಗಳ ಸೇವೆ ಮುಗಿಸಿ ನಿವೃತ್ತರಾಗುತ್ತಿರುವ ಅವರ ಕೈ ಎಷ್ಟು ಮೆತ್ತಗೋ ಬಾಯಿ ಅಷ್ಟೇ ಖಾರ.

ಸೇರಿದ ಹೊಸತರಲ್ಲಿ, ಚಳಿಗೂ ಭಯಕ್ಕೂ ನಡುಗುವ ರೋಗಿಗಳಿಗೆ ತಾವೇ ಕಾಲುಚೀಲ ತೊಡಿಸುತ್ತಿದ್ದ ಅವರು ಹನ್ನೆರಡನೆಯ ವರ್ಷಕ್ಕೆ ಥಿಯೇಟರಿನ ಮುಖ್ಯಸ್ಥೆಯಾದರು. ಅದೇ ವರ್ಷ, ಇಬ್ಬರು ಮಕ್ಕಳ ತಾಯಿಯಾದ ಮೇಲೆ ಕಲಿಯಲು ಬಂದ ತರಬೇತಿ ದಾದಿಯೊಬ್ಬಳು ಸೇರಿದಳು. ಅವಳಿಗೆ ತೊದಲು. ನಮ್ಮಲ್ಲಿಯಾದರೋ, ಉಪಕರಣಗಳ ಟ್ರೇ ಮುಂದೆ ನಿಂತವರು ಚಿಕಿತ್ಸೆಯ ಹೆಸರನ್ನು ಗಟ್ಟಿಯಾಗಿ ಹೇಳಿದ ಮೇಲೆಯೇ ಕೆಲಸ ಶುರು. ಮೊದಲ ದಿನವೇ ಅವಳ ಪಾಲಿಗೆ ಬಂದದ್ದು ‘ಪ್ಯಾಂಕ್ರಿಯಾಟಿಕೋಡುಓಡಿನೆಕ್ಟಮಿ’. ನಾಲಿಗೆ ಮೊದಲ ಅಕ್ಷರದಲ್ಲೇ ಕೂತುಬಿಟ್ಟಿತು.

“ಹೆಸರು ಹೇಳೋಕೇ ಇಷ್ಟು ಹೊತ್ತಾದ್ರೆ ಕತ್ತರಿ ಕೊಡೋದು ಯಾವಾಗ? ಇವರನ್ನ ವಾರ್ಡಿಗೆ ಕಳಿಸಿಬಿಡಿ,” ಎಂದರು ಸರ್ಜನ್.

“ಒಂದು ವಾರ ಕೊಡಿ ಡಾಕ್ಟ್ರೆ. ಆಮೇಲೂ ಬರದಿದ್ರೆ ಇವಳ ಜೊತೆ ನಾನೂ ವಾರ್ಡಿಗೆ ಹೋಗ್ತೀನಿ,” ಎಂದರು ದೊಡ್ಡಕ್ಕ.

ಅಂದು ಸಂಜೆ ಉಪಕರಣ ತೊಳೆಯುವ ಕೋಣೆಯಲ್ಲಿ ಪಾಠ ನಡೆಯಿತು. “ಹನ್ನೊಂದು ಹೆಜ್ಜೆ ಅಷ್ಟೇ ಕಣೇ. ‘ಪ್ಯಾಂಕ್ರಿಯಾಟಿಕೋ’ ಐದು, ಮೇದೋಜೀರಕ. ‘ಡುಓಡಿನ್’ ಮೂರು, ಸಣ್ಣ ಕರುಳಿನ ಮೊದಲ ತುಂಡು. ‘ಎಕ್ಟಮಿ’ ಮೂರು, ಕತ್ತರಿಸಿ ತೆಗೆಯೋದು. ಒಂದೊಂದು ಭಾಗಕ್ಕೂ ಬೇಕಾದ ಸಾಮಾನಿನ ಮೇಲೆ ಬೆರಳಿಡ್ತಾ ಹೇಳು. ಬೆರಳು ಮುಂದೆ ಹೋದ್ರೆ ನಾಲಿಗೆ ಹಿಂದೆ ಬರುತ್ತೆ.”

ವಾರ ಕಳೆದು ಮತ್ತೆ ಅದೇ ಚಿಕಿತ್ಸೆ ಬಂತು. ಮೊದಲ ಐದು ಹೆಜ್ಜೆ ಹೇಗೋ ದಾಟಿದವು. ‘ಡುಓಡಿನ್’ ಎಂಬಲ್ಲಿ ಬೆರಳು ಟ್ರೇ ಮೇಲೆ ಅತ್ತಿತ್ತ ತಡಕಾಡಿ ನಿಂತಿತು. ಸರ್ಜನ್ ನಿಟ್ಟುಸಿರಿಟ್ಟರು.

“ಕ-ಕರುಳಿನ ಕ್ಲಾಂಪ್ ಇಲ್ಲ ಸಾರ್.”

ಕರುಳನ್ನು ಬಿಗಿಹಿಡಿಯುವ ಆ ಇಕ್ಕಳ ನಿಜಕ್ಕೂ ಇರಲಿಲ್ಲ. ಹೊಟ್ಟೆ ತೆರೆದ ಮೇಲೆ ಗೊತ್ತಾಗಿದ್ದರೆ ರೋಗಿಯ ಗತಿ ಹೇಳುವಂತಿರಲಿಲ್ಲ.

“ಟ್ರೇ ಜೋಡಿಸಿದ್ದು ನಾನು. ತಪ್ಪು ನಂದೇ,” ಎಂದರು ದೊಡ್ಡಕ್ಕ. ತಪ್ಪೊಪ್ಪಿಕೊಳ್ಳುವಾಗ ಅಷ್ಟು ಹೆಮ್ಮೆಯಿಂದ ಬೀಗಿದವರನ್ನು ಥಿಯೇಟರ್ ಮತ್ತೆ ಕಂಡಿಲ್ಲ. ಕ್ಲಾಂಪ್ ಬಂತು. “ಅವಸರ ಇಲ್ಲಮ್ಮ, ಪೂರ್ತಿ ಹೇಳಿ,” ಎಂದು ಸರ್ಜನ್ ಕೈಕಟ್ಟಿ ಕಾದರು. ಅಂದಿನಿಂದ ಇಂದಿನವರೆಗೂ, ಎಂಥ ಪಟಪಟ ಮಾತಿನವರೇ ಇರಲಿ, ನಮ್ಮಲ್ಲಿ ಬೆರಳಿಟ್ಟು ಬಿಡಿಬಿಡಿಯಾಗಿಯೇ ಹೆಸರು ಹೇಳಬೇಕು.

ಇನ್ನು ಮುಂದೆ ತರಬೇತಿ ಶಾಲೆಗೆ ವಾರಕ್ಕೆರಡು ದಿನ ಬಂದು ಬೈಯಲು ದೊಡ್ಡಕ್ಕ ದೊಡ್ಡ ಮನಸ್ಸಿನಿಂದ ಒಪ್ಪಿದ್ದಾರೆ. ಅವರ ಆಯುಷ್ಯ, ಆರೋಗ್ಯ, ಆ ಖಾರ ಮೂರೂ ನೂರು ತುಂಬಲಿ. ಅವರ ಕುರ್ಚಿಗೆ ಬರುತ್ತಿರುವವಳು ಆ ತೊದಲುವ ದಾದಿ. ಈ ಲೇಖನ ಬರೆದವಳೂ ಅವಳೇ. ಬರೆಯುವಾಗ ಎಲ್ಲೂ ತಡವರಿಸಲಿಲ್ಲ. ಬೀಳ್ಕೊಡುಗೆ ಸಭೆಯಲ್ಲಿ ಓದುವಾಗ ಖಂಡಿತ ತಡವರಿಸುತ್ತಾಳೆ. ದೊಡ್ಡಕ್ಕ ಮುಂದಿನ ಸಾಲಿನಲ್ಲಿ ಕೂತು ಕಾಯುತ್ತಾರೆ.